ಕೀಲಿನ ಹಿಂದಿನ ತೂಕ

ಹಾಸಿಗೆ ಅಂಗಡಿಗೂ ವಿಮಾನದ ವೇಗಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಸೊಸೆಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಸಂಬಂಧ ಇಲ್ಲ, ಇರಲೂಬಾರದಿತ್ತು. ಆದರೆ ಆ ವರ್ಷ ಊರಿನ ವಿಮಾನ ಕ್ಲಬ್ಬಿನ ವೇಗದ ಸ್ಪರ್ಧೆಗೆ ಶಾಮಿಯಾನ, ಮೈಕು, ಬಹುಮಾನದ ಕಪ್ ಎಲ್ಲವನ್ನೂ ಕೊಟ್ಟವನು ಒಬ್ಬ ಹಾಸಿಗೆ ಅಂಗಡಿಯವನು. ಕೊಟ್ಟವನು ಸುಮ್ಮನೆ ಕೊಡುತ್ತಾನೆಯೇ? ಸ್ಪರ್ಧೆಗೆ ಬಂದ ಪ್ರತಿ ವಿಮಾನದ ರೆಕ್ಕೆಗೂ ತನ್ನ ಅಂಗಡಿಯ ಸ್ಟಿಕರ್ ಅಂಟಬೇಕು ಎಂದ. ಕ್ಲಬ್ಬಿನ ಕಾರ್ಯದರ್ಶಿ ಹಲ್ಲು ಕಿರಿದು ಒಪ್ಪಿಕೊಂಡ. ಅಂಗೈ ಅಗಲದ, ದಪ್ಪನೆಯ ಹಳದಿ ಸ್ಟಿಕರ್. ಅದರ ಮೇಲೆ ಕೆಂಪಕ್ಷರದಲ್ಲಿ ‘ಒಮ್ಮೆ ಮಲಗಿದರೆ ಏಳುವ ಮನಸ್ಸಾಗದು’ ಎಂದು ಬರೆದಿತ್ತು.

“ವಿಮಾನದ ಮೈಮೇಲೆ ಬರೆಯೋ ಮಾತಾ ಇದು?” ಎಂದು ಅವಳ ಮಾವ ಬೆಳಿಗ್ಗೆ ಮೈದಾನಕ್ಕೆ ಕಾಲಿಡುತ್ತಲೇ, ಅವಳು ಓದಿ ಹೇಳಿದ್ದನ್ನು ಕೇಳಿ ಜಗಳ ತೆಗೆದಿದ್ದರು. ಹಾಸಿಗೆ ಅಂಗಡಿಯವನು ಪಕ್ಕದಲ್ಲೇ ನಿಂತಿದ್ದ. “ಸ್ವಾಮಿ, ನಿಮ್ಮ ಹಾಸಿಗೆ ಮೇಲೆ ನಾವು ವಿಮಾನದ ಚಿತ್ರ ಬರೀತೀವಿ ಅಂದ್ವಾ?” ಎಂದು ಅವನನ್ನೂ ಬಿಡಲಿಲ್ಲ. ಜನ ನಕ್ಕರು. ಅವನು ನಗಲಿಲ್ಲ, ಕಾರ್ಯದರ್ಶಿಯಂತೂ ಮುಖ ಗಂಟಿಕ್ಕಿಕೊಂಡ.

ಇಲ್ಲಿ ಮಾತು ಜನ ಕೂತು ಹೋಗುವ ವಿಮಾನದ್ದಲ್ಲ. ತೋಳುದ್ದದ ರೆಕ್ಕೆಯ, ನೆಲದ ಮೇಲೆ ನಿಂತು ರಿಮೋಟಿನಲ್ಲಿ ಹಾರಿಸುವ ಪುಟ್ಟ ವಿಮಾನದ್ದು. ಪುಟ್ಟದು ಎಂದು ಮೂಗು ಮುರಿಯಬೇಡಿ. ಹೆದ್ದಾರಿಯ ಯಾವ ಕಾರಿಗೂ ಅದರ ಬಾಲ ಕಾಣುವುದಿಲ್ಲ. ಕಣ್ಣು ಮಿಟುಕಿಸಿದರೆ ಅದು ಮೈದಾನದ ಆ ಕಡೆ ಇರುತ್ತದೆ.

ಸೊಸೆ ಹಲ್ಲಿನ ಲ್ಯಾಬಿನಲ್ಲಿ ಹಲ್ಲುಸೆಟ್ ಮಾಡುವವಳು. ದಿನವಿಡೀ ಪ್ಲಾಸ್ಟರಿನ ಅಚ್ಚು, ಅಂಟು, ಉಜ್ಜುವ ಚಕ್ರ. ಬಾಯೊಳಗೆ ಕೂರುವ ವಸ್ತುವಿನಲ್ಲಿ ಮರಳಿನ ಕಣದಷ್ಟು ಉಬ್ಬಿದ್ದರೂ ನಾಲಿಗೆ ಬಿಡುವುದಿಲ್ಲವಲ್ಲ, ಹಾಗಾಗಿ ನಯ ಎಂದರೆ ಏನೆಂದು ಅವಳ ಬೆರಳಿಗೆ ಗೊತ್ತು. ಅವಳ ಮಾವ ಪಿಯಾನೊಗಳಿಗೆ ಶ್ರುತಿ ಮಾಡಿಕೊಂಡು ಬದುಕಿದವರು. ಹೆಂಡತಿ ಹೋದ ಮೇಲೆ ವಿಮಾನದ ಹುಚ್ಚು ಹಿಡಿಯಿತು. ಮಗನನ್ನು ಜೊತೆಗೆ ಕರೆದು ನೋಡಿದರು. ಆ ಮಗ, ಅಂದರೆ ಇವಳ ಗಂಡ, ಬಸ್ ಡ್ರೈವರ್. ಜೀವಮಾನದಲ್ಲಿ ಒಂದು ಸಲವೂ ಮಿತಿ ಮೀರಿ ಬಸ್ ಓಡಿಸಿದವನಲ್ಲ. “ರಜೆ ದಿನ ನಂಗೆ ವೇಗದ ಸಹವಾಸ ಬೇಡಪ್ಪ” ಎಂದು ಕೈ ಮುಗಿದ. ಸೊಸೆ ಬಂದಳು. ಮಾವ ಕಟ್ಟಿದರು, ಸೊಸೆ ಹಾರಿಸಿದಳು.

ವೇಗದ ಪಾಠವನ್ನು ಮಾವ ಹೇಳಿಕೊಟ್ಟ ರೀತಿಯೂ ಅವರದ್ದೇ. “ನೀನು ಒಂದು ಮಾತಾಡಿದ್ರೆ ನಿಮ್ಮತ್ತೆ ನಾಲ್ಕು ಮಾತಾಡ್ತಿದ್ಲಲ್ಲ, ಗಾಳೀನೂ ಹಾಗೇ. ನೀನು ಎರಡು ಪಟ್ಟು ಜೋರಾಗಿ ಹೋದ್ರೆ ಅದು ನಾಲ್ಕು ಪಟ್ಟು ಎದುರಾಡುತ್ತೆ. ಅದನ್ನ ಗೆಲ್ಲೋಕೆ ಮೋಟರಿಗೆ ಎಂಟು ಪಟ್ಟು ಶಕ್ತಿ ಬೇಕು. ಅಷ್ಟು ದೊಡ್ಡ ಮೋಟರ್ ಹಾಕಿದ್ರೆ ತೂಕ ಜಾಸ್ತಿ. ಅದಕ್ಕೇ ಜಗಳ ಗೆಲ್ಲೋಕೆ ಹೋಗಬಾರದು, ಜಗಳಕ್ಕೆ ಕಾರಣಾನೇ ಕೊಡಬಾರದು.” ಕಾರಣ ಕೊಡಬಾರದು ಎಂದರೆ ರೆಕ್ಕೆ ತೆಳುವಾಗಿರಬೇಕು, ಸಂದು ಮುಚ್ಚಿರಬೇಕು, ಸ್ಕ್ರೂ ತಲೆ ಕೂಡ ಮೈಯೊಳಗೆ ಅಡಗಿರಬೇಕು.

ಅವರಿಗೆ ಒಂದೇ ಆಸೆ ಇತ್ತು. ಆಂಬುಲೆನ್ಸ್ ಎದುರಿಗೆ ಬರುವಾಗ ಅದರ ಸದ್ದು ಮೇಲಿನ ಸ್ವರದಲ್ಲಿರುತ್ತದೆ, ನಮ್ಮನ್ನು ದಾಟಿದ ಕೂಡಲೇ ಇಳಿಯುತ್ತದೆ. ವೇಗ ಹೆಚ್ಚಿದಷ್ಟೂ ಇಳಿತ ಹೆಚ್ಚು. ವಿಮಾನ ಬರುವಾಗ ಮೇಲಿನ ‘ಸ’ ಹಿಡಿದು, ದಾಟಿದ ಮೇಲೆ ಸರಿಯಾಗಿ ಕೆಳಗಿನ ‘ಸ’ಕ್ಕೆ ಇಳಿದರೆ, ಅದು ಶಬ್ದದ ವೇಗದ ಮೂರನೇ ಒಂದು ಪಾಲಿನಲ್ಲಿ ಹೋಗುತ್ತಿದೆ ಎಂದರ್ಥ. ಗಂಟೆಗೆ ನಾನೂರು ಕಿಲೋಮೀಟರಿಗೂ ಮೇಲೆ. ಹಿಂದಿನ ವಿಮಾನಗಳೆಲ್ಲ ‘ಪ’ದ ಆಸುಪಾಸಿನವರೆಗಷ್ಟೇ ಇಳಿದು ಸುಸ್ತಾಗಿದ್ದವು. ಒಂದು ಸಲ, ಒಂದೇ ಒಂದು ಸಲ ಸ-ಸ ಕೇಳಬೇಕು ಎಂಬುದು ಮಾವನ ಆಸೆ.

ಅದಕ್ಕೆಂದೇ ಕಟ್ಟಿದ್ದು ‘ಬಡಕಲಿ’. ಎಲುಬು ಎಣಿಸುವಷ್ಟು ತೆಳ್ಳಗಿದ್ದ ಕಾರಣ ಆ ಹೆಸರು. ಬಡಕಲಿ ಅರ್ಧವಾಗಿದ್ದಾಗಲೇ ಮಾವನ ಕಣ್ಣು ಮಂಜಾಗತೊಡಗಿತ್ತು. ಆಪರೇಷನ್ನಿನಿಂದ ಸರಿಹೋಗುವ ಪೊರೆಯಲ್ಲ, ನರದ ತೊಂದರೆ, ಮರಳಿ ಬರುವ ದೃಷ್ಟಿಯಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಉಳಿದ ಬೆಳಕನ್ನೆಲ್ಲ ಮಾವ ಆ ರೆಕ್ಕೆಗೇ ಸುರಿದರು. ಬಡಕಲಿ ಮುಗಿಯುವ ಹೊತ್ತಿಗೆ ಅವರಿಗೆ ಎದುರು ಕೂತವರ ಮುಖ ಕಾಣುತ್ತಿರಲಿಲ್ಲ. ಇನ್ನೊಂದು ವಿಮಾನ ಕಟ್ಟುವ ಮಾತೇ ಇರಲಿಲ್ಲ. ಇದು ಮುರಿದರೆ ಮುಗಿಯಿತು.

ಈಗ ಆ ಸ್ಟಿಕರಿನ ವಿಷಯಕ್ಕೆ ಬರೋಣ.

ಮಾವ ಯಾರದೋ ಕೈ ಹಿಡಿದು ನೀರು ಕುಡಿಯಲು ಶಾಮಿಯಾನದ ಕಡೆ ಹೋಗಿದ್ದ ಹೊತ್ತು ನೋಡಿಕೊಂಡು ಕಾರ್ಯದರ್ಶಿ ಬಂದ. ಬಡಕಲಿಯನ್ನು ಮಗುಚಿ, ಬಲ ರೆಕ್ಕೆಯ ಕೆಳಗೆ ಸ್ಟಿಕರ್ ಒತ್ತತೊಡಗಿದ. ರೆಕ್ಕೆಯ ಹಿಂದಂಚಿನಲ್ಲಿ ಕೀಲಿಗೆ ಸಿಕ್ಕಿಸಿದ, ಮೇಲೆ ಕೆಳಗೆ ಆಡುವ ಒಂದು ಪಟ್ಟಿ ಇರುತ್ತದೆ, ವಿಮಾನ ವಾಲುವುದು ಅದರಿಂದಲೇ. ಸ್ಟಿಕರಿನ ಮುಕ್ಕಾಲು ಭಾಗ ಆ ಪಟ್ಟಿಯ ಮೇಲೆಯೇ ಕೂತಿತು.

“ಸಾರ್, ಅಲ್ಲಿ ಬೇಡ. ಪಟ್ಟಿ ಮೇಲೆ ತೂಕ ಬೀಳುತ್ತೆ” ಎಂದಳು ಸೊಸೆ.

“ಸ್ಟಿಕರ್ ಮೇಡಂ, ಕಲ್ಲು ಚಪ್ಪಡಿ ಅಲ್ಲ. ನಿಮ್ಮ ಮಾವನ ಥರ ನೀವೂ ಶುರು ಮಾಡ್ಬೇಡಿ. ಇದಿಲ್ದೆ ಹಾರೋ ಹಾಗಿಲ್ಲ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವಳು ಸುಮ್ಮನಾದಳು. ಬೆಳಿಗ್ಗೆಯಿಂದ ಮಾವನ ಜಗಳಕ್ಕೆ ಸಮಾಧಾನ ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು. ಮಾವನಿಗೆ ಹೇಗೂ ಕಾಣುವುದಿಲ್ಲ ಎಂಬ ಒಂದು ಕೆಟ್ಟ ಯೋಚನೆಯೂ ಬಂದು ಹೋಯಿತು. ಅದನ್ನು ನೆನೆದರೆ ಅವಳಿಗೆ ತನ್ನ ಮೇಲೂ ಸಿಟ್ಟು ಬರುತ್ತದೆ, ಬರಲಿ.

ಸ್ಪರ್ಧೆಯ ನಿಯಮ ಸರಳ. ಎರಡು ಕಂಬಗಳ ನಡುವೆ ವಿಮಾನ ಒಮ್ಮೆ ಗಾಳಿಯ ಜೊತೆಗೆ, ಒಮ್ಮೆ ಗಾಳಿಗೆ ಎದುರಾಗಿ ಹಾದುಹೋಗಬೇಕು. ಕ್ಲಬ್ಬಿನ ಸದಸ್ಯನೇ ಆದ ಒಬ್ಬ ಗಡಿಯಾರ ರಿಪೇರಿಯವನು ಸ್ಪೀಡ್ ಗನ್ ಹಿಡಿದು ಎರಡನ್ನೂ ಅಳೆಯುತ್ತಾನೆ, ಎರಡರ ಸರಾಸರಿಯೇ ಲೆಕ್ಕ. ಒಂದೇ ಕಡೆಯದನ್ನು ಹಿಡಿದರೆ ಗಾಳಿಯ ವೇಗವೂ ನಮ್ಮದೇ ಖಾತೆಗೆ ಬಂದುಬಿಡುತ್ತದೆ. ಒಬ್ಬೊಬ್ಬರಿಗೆ ಎರಡು ಸರದಿ.

ಮೊದಲ ಸರದಿಯಲ್ಲಿ ಸೊಸೆ ಬಡಕಲಿಯನ್ನು ಎಸೆದು ಎತ್ತರಕ್ಕೆ ಒಯ್ದಳು, ದೂರದಲ್ಲಿ ತಿರುಗಿಸಿ, ನೇರ ಮಾಡಿ, ಪೂರ್ತಿ ವೇಗ ಕೊಟ್ಟಳು. ಮಾವ ಮಡಚುವ ಕುರ್ಚಿಯಲ್ಲಿ ಅವಳ ಪಕ್ಕ ಕೂತಿದ್ದರು. ಸದ್ದು ಏರುತ್ತಾ ಬಂತು. ಕಂಬದ ಹತ್ತಿರ ಬಂದಾಗ ಮಾವ ದಡಕ್ಕನೆ ಎದ್ದರು.

“ವೇಗ ಇಳಿಸು. ಮೋಟರ್ ನಿಲ್ಲಿಸು. ಮೂತಿ ಮೇಲೆತ್ತು.”

ಅವಳ ಕಣ್ಣಿಗೆ ಏನೂ ಕಂಡಿರಲಿಲ್ಲ. ಆದರೂ ಬೆರಳು ಮಾವನ ಮಾತು ಕೇಳಿತು. ಅದೇ ಕ್ಷಣಕ್ಕೆ ಅವಳಿಗೂ ಕೇಳಿಸಿತು. ಮೋಟರಿನ ಸದ್ದಿನ ಕೆಳಗೆ ಇನ್ನೊಂದು ಸದ್ದು, ಡಬ್ಬಿಯೊಳಗೆ ಸಿಕ್ಕಿದ ಜೀರುಂಡೆಯಂಥದ್ದು, ಗರ್‍ರ್ ಎಂದು. ರೆಕ್ಕೆಯ ಪಟ್ಟಿ ಅದುರುತ್ತಿತ್ತು. ಕೀಲಿನ ಹಿಂದೆ ತೂಕ ಜಾಸ್ತಿಯಾದರೆ ಅತಿ ವೇಗದಲ್ಲಿ ಆಗುವುದೇ ಹಾಗೆ. ಪಟ್ಟಿ ರೆಕ್ಕೆಯನ್ನು ತಿರುಚುತ್ತದೆ, ತಿರುಚಿದ ರೆಕ್ಕೆ ಪಟ್ಟಿಯನ್ನು ಇನ್ನಷ್ಟು ಒದರುತ್ತದೆ, ಇಬ್ಬರ ಜಗಳಕ್ಕೆ ಗಾಳಿ ತುಪ್ಪ ಸುರಿಯುತ್ತದೆ. ಇನ್ನೊಂದು ಉಸಿರಿನಷ್ಟು ಹೊತ್ತು ಹೋಗಿದ್ದರೆ ಬಡಕಲಿ ಆಕಾಶದಲ್ಲೇ ಚೂರಾಗುತ್ತಿತ್ತು. ಅವಳು ಅದನ್ನು ತೇಲಿಸಿಕೊಂಡು ಬಂದು ಹುಲ್ಲಿನ ಮೇಲೆ ಇಳಿಸಿದಳು.

ಮಾವ ಕುರ್ಚಿಯಲ್ಲಿ ಕುಸಿದು ಕೂತಿದ್ದರು. “ನಂದೇ ತಪ್ಪು” ಎಂದರು. “ಆ ಪಟ್ಟಿ ತೂಗಿದವನು ನಾನೇ. ಸೂಜಿ ಮೇಲೆ ಇಟ್ಟು, ಮಟ್ಟಸ ನಿಲ್ಲೋವರೆಗೂ ಕೀಲಿನ ಮುಂದೆ ಸೀಸದ ಚೂರು ಅಂಟಿಸಿದ್ದೆ. ಸರಿಯಾಗೇ ಇದೆ ಅಂದ್ಕೊಂಡಿದ್ದೆ. ಕಣ್ಣು ಹೋದ್ರೆ ಹೋಗ್ಲಿ, ಕೈ ಇದೆ ಅಂದ್ಕೊಂಡಿದ್ದೆನಮ್ಮಾ. ಅದೂ ಹೋಯ್ತು.”

ಜಗಳಗಂಟ ಎಂದು ಕ್ಲಬ್ಬಿಗೆಲ್ಲ ಹೆಸರಾದ ಮನುಷ್ಯ ಹೀಗೆ ಮೆತ್ತಗಾಗಿ ಮಾತಾಡಿದ್ದನ್ನು ಅವಳು ಅತ್ತೆ ಸತ್ತಾಗಲೂ ಕೇಳಿರಲಿಲ್ಲ.

“ಮಾವ, ನಿಮ್ಮ ಕೈದಲ್ಲ” ಎಂದಳು. “ಪಟ್ಟಿ ಮೇಲೆ ಸ್ಟಿಕರ್ ಇದೆ. ನೀವು ನೀರಿಗೆ ಹೋದಾಗ ಕಾರ್ಯದರ್ಶಿ ಅಂಟಿಸಿದ್ರು.”

“ನೀನಿದ್ಯಾ ಆಗ?”

“ಇದ್ದೆ.”

ಮಾವ ಬೈದಿದ್ದರೆ ಚೆನ್ನಾಗಿತ್ತು. ಅವರು ಕೈ ಚಾಚಿ, ವಿಮಾನ ಎಲ್ಲಿದೆ ಎಂದು ತಡಕಿ, ಮಡಿಲಿಗೆ ಎಳೆದುಕೊಂಡರು.

ಅವಳು ಸೀದಾ ಕಾರ್ಯದರ್ಶಿಯ ಮೇಜಿಗೆ ನಡೆದಳು. ಅವನು ಹಾಸಿಗೆ ಅಂಗಡಿಯವನ ಪಕ್ಕ ಕೂತು ತಣ್ಣಗೆ ಏನೋ ಕುಡಿಯುತ್ತಿದ್ದ.

“ಕೈ ನಡುಗಿತಾ ಮೇಡಂ?” ಎಂದ ಅವನೇ ಮೊದಲು. “ಪರವಾಗಿಲ್ಲ, ಅಷ್ಟು ವೇಗ ಅಂದ್ರೆ ಹೆಂಗಸರಿಗೆ ಸ್ವಲ್ಪ ಭಯ ಆಗುತ್ತೆ.”

ವರ್ಷಗಟ್ಟಲೆ ಹಾರಿಸುತ್ತಿರುವವಳಿಗೆ ಈ ಮಾತು. ಅವಳು ಹಲ್ಲು ಕಚ್ಚಿ ಹಿಡಿದು ಹೇಳಿದಳು. “ಪಟ್ಟಿ ಅದುರಿತು ಸಾರ್. ನೀವು ಅಂಟಿಸಿದ ಸ್ಟಿಕರಿನಿಂದ. ಅದನ್ನ ತೆಗೀತೀನಿ, ಎರಡನೇ ಸರದಿಗೆ ಹಾಗೇ ಬಿಡಿ.”

“ಅದಾಗಲ್ಲ. ನಿಮ್ಮ ಯಜಮಾನ್ರು ಬಂದಿಲ್ವಾ? ಅವರಿಗೆ ಅರ್ಥ ಮಾಡಿಸ್ತೀನಿ.”

ರಿಮೋಟಿನ ಯಾವ ಕಡ್ಡಿ ಯಾವ ಕೆಲಸಕ್ಕೆ ಎಂಬುದೂ ಗೊತ್ತಿಲ್ಲದ ಗಂಡನಿಗೆ ಇವನು ವೇಗದ ವಿಷಯ ಅರ್ಥ ಮಾಡಿಸುತ್ತಾನಂತೆ. ಅವಳ ಪಿತ್ತ ನೆತ್ತಿಗೇರಿತು. ಏನಾದರೂ ಅಂದುಬಿಟ್ಟೇನು ಎಂದು ಮುಖ ಆಚೆ ತಿರುಗಿಸಿದಳು. ಆಗ ಕಣ್ಣಿಗೆ ಬಿದ್ದದ್ದು ಕಾರ್ಯದರ್ಶಿಯ ಸ್ವಂತ ವಿಮಾನ. ಅವನ ಎರಡು ಸರದಿಯೂ ಮುಗಿದಿದ್ದವು, ಆ ಹೊತ್ತಿಗೆ ಅವನದೇ ಎಲ್ಲರಿಗಿಂತ ಹೆಚ್ಚಿನ ವೇಗ. ವಿಮಾನ ಮೇಜಿನ ಹಿಂದಿನ ಸ್ಟ್ಯಾಂಡಿನಲ್ಲಿ ಹೊಟ್ಟೆ ಮೇಲೆ ಮಾಡಿಕೊಂಡು ಕೂತಿತ್ತು. ರೆಕ್ಕೆಯಲ್ಲಿ ಹಳದಿ ಸ್ಟಿಕರ್ ಇತ್ತು. ಆದರೆ ಅರ್ಧ ಮಾತ್ರ. ಕೀಲಿನ ಗೆರೆ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಸರಿಯಾಗಿ, ಬ್ಲೇಡಿನಲ್ಲಿ ನೀಟಾಗಿ ಕತ್ತರಿಸಿತ್ತು. ‘ಒಮ್ಮೆ ಮಲಗಿದರೆ’ ಎಂಬಷ್ಟು ಉಳಿದಿತ್ತು. ಏಳುವ ಮಾತು ಇರಲೇ ಇಲ್ಲ. ಆಡುವ ಪಟ್ಟಿಯ ಮೇಲೆ ಒಂದು ಚೂರೂ ಅಂಟಿರಲಿಲ್ಲ.

ಅವನಿಗೆ ಗೊತ್ತಿತ್ತು. ಗೊತ್ತಿರದೆ ಏನು? ಕೀಲಿನ ಹಿಂದೆ ಗುಲಗಂಜಿಯಷ್ಟೂ ಹೆಚ್ಚಿನ ತೂಕ ಇರಬಾರದು ಎಂದು ಅವಳು ಹೊಸದಾಗಿ ಕ್ಲಬ್ಬಿಗೆ ಸೇರಿದಾಗ ಕರಿಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದವನೇ ಇವನು. ತಿಳಿಯದೆ ಮಾಡಿದ್ದರೆ ಅವಳು ಬೈದು ಸುಮ್ಮನಾಗುತ್ತಿದ್ದಳು. ತನ್ನ ರೆಕ್ಕೆಗೆ ಬ್ಲೇಡು ಹಿಡಿದು ಕೂತಾಗ ಇವನಿಗೆ ಬೇರೆಯವರ ರೆಕ್ಕೆಗಳ ನೆನಪು ಬಂದಿರಲೇಬೇಕು. ಬಂದೂ ಬಾಯಿ ಮುಚ್ಚಿಕೊಂಡಿದ್ದ.

“ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ” ಎಂದಳು. ಧ್ವನಿ ಏರಿಸಲಿಲ್ಲ, ಆದರೆ ಶಾಮಿಯಾನದ ತುಂಬ ಕೇಳಿಸಿತು. “ನಿಮ್ಮದನ್ನ ಯಾಕೆ ಕತ್ತರಿಸಿದ್ರಿ ಸಾರ್?”

ಕಾರ್ಯದರ್ಶಿ ಸ್ಟ್ಯಾಂಡಿನ ಕಡೆ ನೋಡಿದ. ಹಾಸಿಗೆ ಅಂಗಡಿಯವನೂ ನೋಡಿದ. ಕತ್ತರಿ ಬಿದ್ದದ್ದು ತನ್ನ ಜಾಹೀರಾತಿಗೆ ಎಂದು ಅವನಿಗೆ ಆಗಷ್ಟೇ ಹೊಳೆಯಿತು.

“ಅದು ಬೇರೆ ವಿಷಯ” ಎಂದ ಕಾರ್ಯದರ್ಶಿ. “ನನ್ನ ರೆಕ್ಕೆ ಚಿಕ್ಕದು, ಜಾಗ ಇರಲಿಲ್ಲ. ನೋಡಿ, ನಿಮ್ಮ ಮಾವ ಬೆಳಿಗ್ಗೆ ಎಲ್ಲರೆದುರು ಇವರಿಗೆ ಅವಮಾನ ಮಾಡಿದ್ರು. ಈಗ ನೀವು ಸ್ಟಿಕರ್ ತೆಗೆದ್ರೆ ಕ್ಲಬ್ಬಿನ ಮರ್ಯಾದೆ ಏನಾಗಬೇಕು? ತೆಗೆದ್ರೆ ನಿಮ್ಮ ಸರದಿ ಲೆಕ್ಕಕ್ಕಿಲ್ಲ.”

“ಲೆಕ್ಕಕ್ಕೆ ಬೇಡ ಬಿಡಿ.”

ಅವಳು ಮಾವನ ಬಳಿಗೆ ಹೋಗಿ, ಅವರ ಮಡಿಲಿನಲ್ಲೇ ಬಡಕಲಿಯನ್ನು ಮಗುಚಿ, ಉಗುರಿನಿಂದ ಅಂಚು ಬಿಡಿಸಿ, ಪಟ್ಟಿಗೆ ನೋವಾಗದ ಹಾಗೆ ನಿಧಾನವಾಗಿ ಸ್ಟಿಕರನ್ನು ಎಳೆದಳು. ಇಡಿಯಾಗಿ ಬಂತು. ಅದನ್ನು ತಂದು ಕಾರ್ಯದರ್ಶಿಯ ಮೇಜಿನ ಮೇಲೆ, ಅವನ ಲೋಟದ ಪಕ್ಕ, ಅಂಗೈಯಲ್ಲಿ ಒತ್ತಿ ಅಂಟಿಸಿದಳು. “ಈಗ ಪೂರ್ತಿ ಕಾಣುತ್ತೆ” ಎಂದಳು ಹಾಸಿಗೆ ಅಂಗಡಿಯವನಿಗೆ.

ಕಾರ್ಯದರ್ಶಿ ಸ್ಪೀಡ್ ಗನ್ ಕೆಳಗಿಡಲು ಹೇಳಿದ. ಗಡಿಯಾರ ರಿಪೇರಿಯವನು ಇಟ್ಟ, ಆದರೆ ಮೈದಾನ ಬಿಟ್ಟು ಕದಲಲಿಲ್ಲ. ಬೇರೆಯವರೂ ಒಬ್ಬೊಬ್ಬರಾಗಿ ಹೊರಗೆ ಬಂದು ನಿಂತರು. ಕೆಲವರು ತಮ್ಮ ವಿಮಾನಗಳನ್ನು ಮಗುಚಿ ಸ್ಟಿಕರ್ ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದರು.

ಹೊಸ ಬ್ಯಾಟರಿ ಹಾಕಿ ಅವಳು ಬಡಕಲಿಯನ್ನು ಎಸೆದಳು. ಗಾಳಿಯ ಜೊತೆಗೆ ಮೊದಲ ಹಾದಿ. ಮಾವ ತಲೆ ಬಗ್ಗಿಸಿ, ಒಂದು ಬೆರಳೆತ್ತಿ ಕೂತಿದ್ದರು. ಸದ್ದು ಬಂತು, ಈ ಸಲ ಜೀರುಂಡೆ ಇಲ್ಲ, ಮೇಲಿನ ‘ಸ’ದಲ್ಲಿ ತಂತಿಯಂತೆ ಬಿಗಿಯಾಗಿ ಬಂದು, ದಾಟಿ, ಕೆಳಕ್ಕೆ ಬಿತ್ತು. ಮಾವ ಗಂಟಲಲ್ಲೇ ಎರಡು ಸ್ವರ ಗುನುಗಿ ನೋಡಿದರು.

“ಮುಟ್ಟಿತು” ಎಂದರು. ಸುತ್ತ ಚಪ್ಪಾಳೆ ಬಿತ್ತು. “ಸುಮ್ನಿರಿ ಸ್ವಲ್ಪ. ಎದುರುಗಾಳಿದೂ ಆಗ್ಲಿ.”

ಎದುರುಗಾಳಿಯಲ್ಲಿ ಬಂತು. ಅವರು ಮತ್ತೆ ಗುನುಗಿದರು, ತಲೆ ಅಲ್ಲಾಡಿಸಿದರು. “ಅರ್ಧ ಸ್ವರ ಕಮ್ಮಿ. ಸರಾಸರಿ ಬರಲಿಲ್ಲ. ಇಳಿಸು.”

“ಯಜಮಾನ್ರೇ, ಒಂದು ಕಡೆ ಬಂತಲ್ಲ, ಸಾಕು ಬಿಡಿ” ಎಂದ ಗಡಿಯಾರ ರಿಪೇರಿಯವನು. “ಇವತ್ತು ಹೇಗೂ ಯಾರೂ ಅಳೀತಿಲ್ಲ.”

ಮಾವನ ಹಳೆಯ ಸಿಟ್ಟು ವಾಪಸು ಬಂತು. “ನಾನು ಅಳೀತಿಲ್ವಾ? ಗಾಳಿ ಕೊಟ್ಟಿದ್ದನ್ನ ನಮ್ದು ಅಂತ ಹೇಳ್ಕೊಳ್ಳೋಕೆ ನಾವೇನು ಕಾರ್ಯದರ್ಶಿಗಳಾ?”

ಅವಳು ಬಡಕಲಿಯನ್ನು ತಂದು ಅವರ ಮಡಿಲಲ್ಲಿಟ್ಟಳು. ಮಾವನ ಬೆರಳುಗಳು ಮೂಗಿನಿಂದ ಶುರುಮಾಡಿ ರೆಕ್ಕೆಗುಂಟ ಹೊರಟವು. ಬಲ ರೆಕ್ಕೆಯ ಕೆಳಗೆ ಬಂದಾಗ ನಿಂತವು. ಸ್ಟಿಕರ್ ಹೋಗಿತ್ತು, ಅದರ ಅಂಟು ಹೋಗಿರಲಿಲ್ಲ. ಧೂಳು ಹಿಡಿದು ಒರಟಾಗಿತ್ತು.

“ಸ್ಟಿಕರ್ ಅವನದು” ಎಂದರು ಮಾವ, ಅವಳಿಗಷ್ಟೇ ಕೇಳುವ ಹಾಗೆ. “ಈ ಅಂಟು ನಿಂದು. ಒರೆಸು.”

ಅವಳ ಬ್ಯಾಗಿನಲ್ಲಿ ಲ್ಯಾಬಿನ ಸ್ಪಿರಿಟ್ಟಿನ ಶೀಶೆ ಇತ್ತು. ಹತ್ತಿಯನ್ನು ಅದರಲ್ಲಿ ಅದ್ದಿ ಒರೆಸಿದಳು, ಬೆರಳಾಡಿಸಿದಳು, ಮತ್ತೆ ಒರೆಸಿದಳು. ಕಣ್ಣಲ್ಲಿ ನೀರು ಬಂದದ್ದು ಸ್ಪಿರಿಟ್ಟಿನ ಘಾಟಿಗೆ ಎಂದುಕೊಂಡಳು. ಆಮೇಲೆ ಮಾವನ ಬೆರಳಿಗೆ ಕೊಟ್ಟಳು. ಅವರು ಒಂದು ಕಡೆ ತೋರಿಸಿದರು, ಅಲ್ಲಿ ಇನ್ನೊಮ್ಮೆ ಒರೆಸಿದಳು. ಹುಲ್ಲಿನ ಮೇಲೆ ಇಳಿದಿದ್ದ ಹೊಟ್ಟೆಯನ್ನೂ ಒರೆಸು ಎಂದರು. ಅದನ್ನೂ ಒರೆಸಿದಳು.

ಅಷ್ಟು ಹೊತ್ತಿಗೆ ಸಂಜೆಯಾಗಿ ಗಾಳಿ ಬಿದ್ದುಹೋಗಿತ್ತು. ಶಾಮಿಯಾನದ ಬಟ್ಟೆ ಅಲುಗದೆ ಜೋತುಬಿದ್ದಿತ್ತು. ಸ್ಪರ್ಧೆ ಮುಗಿಯಿತೆಂದು ಹೇಳಿ ಕಾರ್ಯದರ್ಶಿ ಮೈಕ್ ಹಿಡಿದಿದ್ದ. ತನ್ನ ಗೆಲುವನ್ನು ತಾನೇ ಘೋಷಿಸಬೇಕಾದ ಸಂಕೋಚಕ್ಕೆ ಮೊದಲು ಹಾಸಿಗೆ ಅಂಗಡಿಯವನ ಔದಾರ್ಯವನ್ನು ಹೊಗಳುತ್ತಿದ್ದ. ಕೇಳುವವರು ಕಮ್ಮಿ ಇದ್ದರು. ಹೆಚ್ಚಿನವರು ಮೈದಾನದ ಅಂಚಿನಲ್ಲಿ, ಮಾವನ ಕುರ್ಚಿಯ ಹಿಂದೆ ನಿಂತಿದ್ದರು.

“ಇನ್ನೊಂದು ಬ್ಯಾಟರಿ ಇದೆಯಾ?” ಎಂದರು ಮಾವ.

“ಇದೆ.”

“ಹಾಗಾದ್ರೆ ಯಾಕೆ ನಿಂತಿದೀಯ?”

ಬಡಕಲಿ ದೂರದಲ್ಲಿ ತಿರುಗಿ ಬರುವಾಗ ಕಾರ್ಯದರ್ಶಿ “ಈ ವರ್ಷದ ಅತಿ ವೇಗದ ವಿಮಾನ” ಎಂಬಲ್ಲಿಗೆ ಬಂದಿದ್ದ. ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ. ಸದ್ದು ಮೈದಾನ ತುಂಬಿ ಬಂತು, ದಾಟಿತು, ಇಳಿಯಿತು. ಮಾವನ ಎತ್ತಿದ ಬೆರಳು ಹಾಗೇ ಇತ್ತು. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು ಅದೇ ವಾಕ್ಯವನ್ನು ಮತ್ತೆ ಮೊದಲಿನಿಂದ ಶುರುಮಾಡಿದ. ಬಡಕಲಿ ಆ ಕಡೆಯಿಂದ ತಿರುಗಿ ಬಂತು, ಅದೇ ಮೇಲಿನ ಸ್ವರ, ಮತ್ತೆ ಅದೇ ಜಾಗಕ್ಕೆ ಮಾತು ತುಂಡಾಯಿತು. ಸದ್ದು ದಾಟಿ ಕೆಳಗಿಳಿಯಿತು. ಗಡಿಯಾರ ರಿಪೇರಿಯವನು ಮಾವನ ಮುಖವನ್ನೇ ನೋಡುತ್ತಿದ್ದ.

ಮಾವ ಗುನುಗಲಿಲ್ಲ. ಎತ್ತಿದ ಬೆರಳನ್ನು ಮಡಚಿ, ಮುಷ್ಟಿ ಮಾಡಿ, ತೊಡೆಯ ಮೇಲೆ ಇಟ್ಟುಕೊಂಡರು. “ಎರಡೂ ಕಡೆ ಸ-ಸ” ಎಂದರು ಗಡಿಯಾರ ರಿಪೇರಿಯವನಿಗೆ.

“ಇಳಿಸಮ್ಮಾ” ಎಂದರು ಕೊನೆಗೆ. “ಜೋಪಾನ.”